ಹುಳುಗಳಿಲ್ಲದ ಮನೆ

ಅಮೆರಿಕದ ಸೇಂಟ್ ಲೂಯಿಸ್ ನಗರದ ಪಕ್ಕದಲ್ಲಿ ಚೆಸ್ಟರ್‌ಫೀಲ್ಡ್ ಅನ್ನುವ ಊರಿದೆ. ಅಲ್ಲೊಂದು ಗಾಜಿನ ಚಿಟ್ಟೆಮನೆ. 1998ರಲ್ಲಿ ತೆರೆದದ್ದು, ಈಗ ಮಿಸೌರಿ ಬೊಟಾನಿಕಲ್ ಗಾರ್ಡನ್‌ನವರು ನೋಡಿಕೊಳ್ಳುತ್ತಾರೆ. ಮಾರ್ಚ್ ತಿಂಗಳಲ್ಲಿ ಅಲ್ಲಿ ನೀಲಿ ಮಾರ್ಫೋ ಚಿಟ್ಟೆಗಳದ್ದೇ ಹಬ್ಬ. ಅಕ್ಕನ ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ ಅಮ್ಮನಿಗೆ ಇಡೀ ಚಳಿಗಾಲ ಕಿಟಕಿಯಲ್ಲಿ ಹಿಮ ನೋಡುವುದರಲ್ಲೇ ಕಳೆದಿತ್ತು. ಅವರು ಊರಿಗೆ ಹೊರಡಲು ಎರಡು ವಾರ ಇರುವಾಗ, ಅಕ್ಕನ ದೊಡ್ಡ ಮಗ ಚಿನ್ನುವನ್ನೂ ಕಟ್ಟಿಕೊಂಡು ನಾವು ನಾಲ್ಕು ಜನ ಹೋದೆವು.

ಒಳಗೆ ಹೋಗಲು ಎರಡು ಬಾಗಿಲು. ಒಂದು ಪೂರ್ತಿ ಮುಚ್ಚಿದ ಮೇಲೇ ಇನ್ನೊಂದನ್ನು ತೆಗೆಯುತ್ತಾರೆ. ಎರಡನೆಯದು ತೆಗೆದದ್ದೇ ತಡ, ಅಪ್ಪನ ಕನ್ನಡಕಕ್ಕೆ ಮಂಜು ಹಿಡಿಯಿತು. ಅಮ್ಮ ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮಳೆ ಹೊಳವಾದ ಮೇಲೆ ಅಡಿಕೆ ತೋಟದಲ್ಲಿ ಏಳುವ ವಾಸನೆ. "ಅಬ್ಬ, ಉಸಿರಾಡಿದ ಹಾಗಾಯ್ತು ನೋಡು" ಅಂದಳು. ಐದು ತಿಂಗಳಲ್ಲಿ ಅವಳು ಈ ದೇಶದ ಗಾಳಿಯನ್ನು ಹೊಗಳಿದ್ದು ಅದೇ ಮೊದಲು.

ಚಿನ್ನುವಿಗೆ ಮಾತ್ರ ನಿರಾಸೆ. ಮಾರ್ಫೋ ರೆಕ್ಕೆ ಮಡಿಸಿ ಕೂತರೆ ಬರೀ ಕಂದು, ಮೇಲೊಂದಿಷ್ಟು ಕಣ್ಣಿನಂಥ ಚುಕ್ಕೆಗಳು. ಆ ನೀಲಿಯಾದರೂ ಬಣ್ಣವಲ್ಲ. ರೆಕ್ಕೆಯ ಪುಟ್ಟ ಪುಟ್ಟ ಹುರುಪೆಗಳ ರಚನೆಯಿಂದಾಗಿ ಬೆಳಕು ಹಾಗೆ ಹೊಳೆಯುತ್ತದೆ. ಕೊಳೆತ ಬಾಳೆಹಣ್ಣಿನ ತಟ್ಟೆಯಿಂದ ಒಂದು ಮಾರ್ಫೋ ಎದ್ದು ಹಾರಿದಾಗಷ್ಟೇ ಹುಡುಗ ನಂಬಿದ. ಬೆಳ್ಳಗೆ, ಕಾಗದದ ಚೂರಿನಂತೆ ತೇಲುತ್ತಿದ್ದ ಇನ್ನೊಂದನ್ನು ಕಂಡು ಅಮ್ಮ "ಇದು ಆಗುಂಬೇಲಿ ಇದ್ಯಲ್ಲೇ" ಅಂದಳು. ಪೂರ್ತಿ ತಪ್ಪಲ್ಲ. ಇದು ಆಗ್ನೇಯ ಏಷ್ಯಾದ್ದು. ಇದರ ದಾಯಾದಿ ಮಲಬಾರ್ ಟ್ರೀ ನಿಂಫ್ ನಮ್ಮ ಪಶ್ಚಿಮ ಘಟ್ಟದಲ್ಲಿದೆ.

ಒಂದು ಗೋಡೆಯ ಗಾಜಿನ ಹಿಂದೆ ಕೋಶಗಳನ್ನು ಸಾಲಾಗಿ ನೇತುಹಾಕಿದ್ದರು. ಕೆಲವು ಒಣಗಿದ ಎಲೆಯ ಹಾಗೆ, ಕೆಲವು ಓಲೆಯ ಹಾಗೆ. ಇಂಥ ಚಿಟ್ಟೆಮನೆಗಳಿಗೆ ಕೋಸ್ಟರಿಕಾದಂಥ ದೇಶಗಳ ಸಾಕಣೆಕೇಂದ್ರಗಳಿಂದ ಕೋಶಗಳು ವಿಮಾನದಲ್ಲಿ ಬರುತ್ತವೆ. ಆ ಹಂತದಲ್ಲಿ ಅವಕ್ಕೆ ಊಟ ಬೇಡ, ಓಡಾಟವಿಲ್ಲ. ಪಾರ್ಸೆಲ್ ಮಾಡಲು ಸುಲಭ. ಒಡೆದು ಬಂದ ಚಿಟ್ಟೆಗಳಲ್ಲಿ ಹೆಚ್ಚಿನವು ಎರಡು ಮೂರು ವಾರ ಬದುಕುತ್ತವೆ. ಅಷ್ಟರಲ್ಲಿ ಮುಂದಿನ ಡಬ್ಬಿ ಬಂದಿರುತ್ತದೆ.

ಅಮ್ಮ ಗಿಡದ ಎಲೆಗಳ ಅಡಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದಳು. "ಇಷ್ಟು ಚಿಟ್ಟೆ ಇವೆ, ಒಂದು ಎಲೆಗೂ ತೂತಿಲ್ವಲ್ಲೇ. ಹುಳ ಎಲ್ಲಿ?"

ನನ್ನ ಸಂಶೋಧನೆಯ ವಿಷಯಕ್ಕೂ ಚಿಟ್ಟೆಗೂ ಸಂಬಂಧವಿಲ್ಲ. ಆದರೂ ಡಾಕ್ಟರೇಟ್ ಮಾಡುತ್ತಿರುವ ನನಗೆ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆಯಿತು. ಹಿತ್ತಲ ಕರಿಬೇವಿಗೆ ಬರುವ ಹುಳುಗಳ ಜೊತೆ ಅವಳದ್ದು ಮೂವತ್ತು ವರ್ಷದ ಜಗಳ. ಮೊದಲು ಹಕ್ಕಿ ಹಿಕ್ಕೆಯಂತೆ ಕಾಣುವ ಹುಳ ಆಮೇಲೆ ಹಸಿರಾಗುತ್ತದೆ; ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ನಾರುತ್ತದೆ. ಅದೇ ಮುಂದೆ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ.

ಅಲ್ಲಿದ್ದ ಸ್ವಯಂಸೇವಕಿಯನ್ನು ಕೇಳಿ ಅಮ್ಮನಿಗೆ ಅನುವಾದಿಸಿದೆ. ಹೊರದೇಶದ ಚಿಟ್ಟೆಗಳನ್ನು ಇಡಲು ಕೃಷಿ ಇಲಾಖೆಯ ಪರವಾನಗಿ ಬೇಕು. ಅವು ಇಲ್ಲಿ ಸಂತಾನ ಬೆಳೆಸುವಂತಿಲ್ಲ. ಅದಕ್ಕೇ ಹುಳುಗಳು ತಿನ್ನುವ ಗಿಡಗಳನ್ನೇ ನೆಡುವುದಿಲ್ಲ. ಮಕರಂದ ಹೀರುವ ಚಿಟ್ಟೆಯಿಂದ ಯಾರ ಬೆಳೆಗೂ ತೊಂದರೆಯಿಲ್ಲ. ಭಯವೆಲ್ಲ ಅದರ ಮಕ್ಕಳದ್ದು.

ಹತ್ತಿರದಲ್ಲೇ ಕಪ್ಪು ಚಿಟ್ಟೆಯೊಂದು ಒಂದೆಲೆಯಿಂದ ಇನ್ನೊಂದಕ್ಕೆ ಹಾರುತ್ತ, ಎಲ್ಲೂ ನಿಲ್ಲದೆ, ಮುಂಗಾಲಿನಿಂದ ತಟ್ಟಿ ತಟ್ಟಿ ನೋಡುತ್ತಿತ್ತು. ಚಿಟ್ಟೆಗೆ ಎಲೆಯ ರುಚಿ ತಿಳಿಯುವುದು ಕಾಲಿನಿಂದ. ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ಮೊಟ್ಟೆ ಇಡಕ್ಕೆ ಜಾಗ ಹುಡುಕ್ತಿದೆ. ಅಕ್ಕನ ಮನೆ ಕುಂಡದಿಂದ ಒಂದೆಸಳು ಕರಿಬೇವು ತಂದಿದ್ರೆ ಆಗ್ತಿತ್ತು."

"ಅದು ಅಪರಾಧ ಅಮ್ಮಾ."

"ಸೆರಗಲ್ಲಿ ಇಟ್ಕೊಂಡು ಬಂದ್ರೆ ಯಾರಿಗೆ ಗೊತ್ತಾಗತ್ತೆ?"

ಅಪ್ಪ ನಗಲಿಲ್ಲ. "ವೀಸಾದೋರಿಗೆ ಗೊತ್ತಾಗತ್ತೆ" ಅಂದರು.

ಹೊರಡುವಾಗ ಬಾಗಿಲ ಹತ್ತಿರ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡೆವು, ಚಿಟ್ಟೆ ಕೂತಿಲ್ಲವಷ್ಟೆ ಎಂದು. ಹೊರಗೆ ಬಾಬ್ ಕ್ಯಾಸಿಲಿ ಎಂಬ ಶಿಲ್ಪಿ ಮಾಡಿದ ದೊಡ್ಡ ಕಂಬಳಿಹುಳವಿದೆ. ಚಿನ್ನು ಅದರ ಬೆನ್ನೇರಿದ. ಅಮ್ಮ ಸ್ವೆಟರ್ ಹಾಕಿಕೊಳ್ಳುತ್ತ, "ಹುಳಾನ ಇಲ್ಲಿ ಚಳೀಲಿ ಇಟ್ಟಿದಾರೆ" ಅಂದಳು.

ರಾತ್ರಿ ಇದನ್ನೆಲ್ಲ ಕೇಳಿದ ಅಕ್ಕ, "ನಮ್ಮ ಹಾಗೇ ಅಲ್ವಾ, ಬೆಳೆದ ಮೇಲೆ ಪಾರ್ಸೆಲ್ ಬಂದವರು" ಅಂದಳು. ನನಗೆ ಈ ಥರದ ಹೋಲಿಕೆಗಳು ಅಷ್ಟು ಹಿಡಿಸುವುದಿಲ್ಲ. ನಾವು ಅರ್ಜಿ ಹಾಕಿ, ಸಾಲು ನಿಂತು, ಸಂದರ್ಶನ ಕೊಟ್ಟು ಬಂದವರು. ಅಲ್ಲದೆ ಅಕ್ಕನ ಮಡಿಲಲ್ಲೇ ಪಾಪು ಮಲಗಿತ್ತು, ಇಲ್ಲೇ ಹುಟ್ಟಿದ್ದು. ಆದರೆ ಅಮ್ಮ ಅದರ ಅಂಗಾಲನ್ನು ಒಂದು ಕೈಯಲ್ಲಿ ಹಿಡಿದು ಕೂತಿದ್ದಳು, ಮತ್ತೆ ಬರಲು ಯಾವಾಗ ಆಗುತ್ತದೋ ಎಂದು ಯಾರೂ ಆಡಲಿಲ್ಲ. ನಾನೂ ವಾದ ಮಾಡಲಿಲ್ಲ.

ಊರು ಮುಟ್ಟಿದ ಮರುದಿನ ಅಮ್ಮನ ಫೋನ್ ಬಂತು. ಆರು ತಿಂಗಳು ಹುಳ ಹೆಕ್ಕುವವರಿಲ್ಲದೆ ಕರಿಬೇವಿನ ಗಿಡ ಬೋಳಾಗಿದೆಯಂತೆ. "ಒಗ್ಗರಣೆಗೆ ಒಂದೆಸಳೂ ಬಿಟ್ಟಿಲ್ಲ ಹಾಳಾದವು" ಎಂದು ಬೈಯುತ್ತಲೇ ಇದ್ದಳು.