ಒಂದು ಕಾರ್ಡು, ಇಬ್ಬರು ಡ್ರೈವರುಗಳು

ಡ್ರೈವರ್ ಎಂದರೆ ನಮಗೆ ಮೊದಲು ನೆನಪಾಗುವುದು ಬಸ್ಸಿನವನು. ಒಂದೇ ಬಸ್ಸಿಗೆ ಇಬ್ಬರು ಡ್ರೈವರುಗಳನ್ನು ಹಾಕಿದರೆ ಏನಾಗುತ್ತದೋ, ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪುಗಳ ವೈಫೈ ಕಾರ್ಡಿಗೂ ಕೆಲವೊಮ್ಮೆ ಅದೇ ಆಗುತ್ತದೆ. ಒಬ್ಬ ಸೀಟು ಹಿಡಿದ ಮೇಲೆ ಇನ್ನೊಬ್ಬನಿಗೆ ಜಾಗವಿಲ್ಲ. ನೋಡಿದವರು ಬಸ್ಸೇ ಕೆಟ್ಟಿದೆ ಅನ್ನುತ್ತಾರೆ.

ನಮ್ಮ ಆಪಾನ ಮಗಳ ಲ್ಯಾಪ್‌ಟಾಪಿಗೂ ಹಾಗೇ ಅಂದಿದ್ದರು. ಯಾರೋ ಬಳಸಿ ಕೊಟ್ಟ, 2009ರ ಕಾಲದ ಯಂತ್ರ. ಮನೆಯಿಂದಲೇ ಟೈಪಿಂಗ್ ಕೆಲಸ ಮಾಡಿ ಡಿಗ್ರಿ ಫೀಸು ಕಟ್ಟಬೇಕೆಂದು ಹುಡುಗಿ ಹೊರಟಿದ್ದಳು. ಪಕ್ಕದ ಮನೆಯ ಭಾಬಿ ತಮ್ಮ ವೈಫೈ ಪಾಸ್‌ವರ್ಡನ್ನೂ ಕೊಟ್ಟಿದ್ದರು. ಆದರೆ ಡೆಬಿಯನ್ ಹಾಕಿದ ಅಂಗಡಿಯವರು, "ಕಾರ್ಡು ಸತ್ತಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ" ಎಂದು ಕಳಿಸಿದ್ದರು. ಬಟ್ಟೆ ಹೊಲಿದು ಮನೆ ನಡೆಸುವ ಆಪಾ ಈ ಮಾತಿಗೆ ಏನು ತಾನೇ ಹೇಳಿಯಾರು?

"ಸತ್ತಿದೆ ಅಂತ ಹೇಗೆ ಗೊತ್ತಾಗುತ್ತೆ, ಮಾಮು?" ಹುಡುಗಿ ಕೇಳಿದಳು.

ಕೇಳಬೇಕಾದ ಪ್ರಶ್ನೆಯೇ. ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟರೆ ಯಂತ್ರದೊಳಗಿನ ಕಾರ್ಡುಗಳೆಲ್ಲ ಹೆಸರು ಹೇಳುತ್ತವೆ. ಇದೂ ಹೇಳಿತು: ಬ್ರಾಡ್‌ಕಾಮ್ ಬಿಸಿಎಂ 4312. ಹೆಸರು ಹೇಳುವ ಕಾರ್ಡು ಅಷ್ಟು ಸುಲಭವಾಗಿ ಸತ್ತಿರುವುದಿಲ್ಲ. ಆದರೆ ಅದನ್ನು ನಡೆಸುತ್ತಿರುವ ಡ್ರೈವರ್ ಯಾರೆಂದು ಹೇಳುವ ಸಾಲೇ ಅಲ್ಲಿರಲಿಲ್ಲ.

ಈ ಕಾರ್ಡಿಗೆ ಇರುವುದು ಇಬ್ಬರು. ಕಂಪೆನಿಯದೇ ಆದ, ಒಳಗೇನಿದೆ ಎಂದು ತೋರಿಸದ ಡಬ್ಲ್ಯುಎಲ್ ಒಂದು. ಸ್ವಯಂಸೇವಕರು ಬರೆದ ಬಿ43 ಇನ್ನೊಂದು. ಕಾರ್ಡಿನ ವಿವರಗಳು ಕೈಗೆ ಸಿಗದಿದ್ದ ಕಾಲದಲ್ಲಿ ಒಂದು ಗುಂಪು ಮೂಲ ಡ್ರೈವರನ್ನು ಬಿಡಿಸಿ ನೋಡಿ ಬರೆದಿಟ್ಟಿತು. ಇನ್ನೊಂದು ಗುಂಪು ಆ ಬರಹವನ್ನಷ್ಟೇ ಓದಿ ಹೊಸ ಡ್ರೈವರ್ ಕಟ್ಟಿತು. ಉರ್ದು ಬಾರದವನು ಉರ್ದು ಬಲ್ಲವನಿಂದ ಕೇಳಿ ಕನ್ನಡದಲ್ಲಿ ಕಥೆ ಬರೆದ ಹಾಗೆ. ಅದರ ಮೊದಲ ರೂಪ 2006ರಲ್ಲಿ ಕರ್ನೆಲ್ಲಿನೊಳಗೆ ಬಂತು. 2010ರ ಸೆಪ್ಟೆಂಬರಿನಲ್ಲಿ ಕಂಪೆನಿಯೂ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು, ಆದರೆ ಹೊಸ ಚಿಪ್ಪುಗಳಿಗೆ. 4312ಕ್ಕೆ ಈ ಇಬ್ಬರೇ ಗತಿ.

ಡಬ್ಲ್ಯುಎಲ್ ಬರುವಾಗ ಬಿ43ನ್ನೂ ಅದರ ಜೊತೆಗಾರ ಎಸ್‌ಎಸ್‌ಬಿಯನ್ನೂ ಬ್ಲ್ಯಾಕ್‌ಲಿಸ್ಟಿಗೆ ಸೇರಿಸುತ್ತದೆ. ಅದು ಸರಿಯೇ, ಇಲ್ಲದಿದ್ದರೆ ಜಗಳ. ಈ ಯಂತ್ರದಲ್ಲಿ ಡಬ್ಲ್ಯುಎಲ್ ಹಾಕಿ, ಮತ್ತೆ ತೆಗೆದಿದ್ದರು. ಡೆಬಿಯನ್‌ನಲ್ಲಿ 'ರಿಮೂವ್' ಅಂದರೆ ಪ್ಯಾಕೇಜು ಹೋಗುತ್ತದೆ, ಅದರ ಸೆಟ್ಟಿಂಗು ಫೈಲು ಉಳಿಯುತ್ತದೆ. ಹಾಗಾಗಿ ಬಹಿಷ್ಕಾರ ಹಾಕಿದವನು ಊರು ಬಿಟ್ಟಿದ್ದ, ಬಹಿಷ್ಕಾರ ಮಾತ್ರ ಜಾರಿಯಲ್ಲೇ ಇತ್ತು! 'ಪರ್ಜ್' ಎಂದ ಮೇಲೆ ಅದೂ ಹೋಯಿತು.

ಆದರೂ ಬಿ43ಗೆ ಬೇರೆ ಫರ್ಮ್‌ವೇರ್ ಬೇಕು. ಅದು ಡೆಬಿಯನ್ ಡಿಸ್ಕಿನಲ್ಲಿ ಇರುವುದಿಲ್ಲ, ಇಂಟರ್‌ನೆಟ್ಟಿನಿಂದಲೇ ತರಬೇಕು. ನೆಟ್ ಬೇಕಾದರೆ ಮೊದಲು ನೆಟ್ ಬೇಕು. ಆಪಾನ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಒತ್ತಿದೆವು. ಹತ್ತು ನಿಮಿಷದಲ್ಲಿ ಭಾಬಿಯ ವೈಫೈ ಹೆಸರು ಪರದೆಯ ಮೇಲೆ ಬಂತು.

ಇಷ್ಟೆಲ್ಲ ಮಾಡುವ ಮೊದಲು ಲ್ಯಾಪ್‌ಟಾಪಿನ ಅಂಚಿನಲ್ಲಿ ವೈಫೈ ಸ್ವಿಚ್ಚು ಇದೆಯೇ ನೋಡಿ. ನಗಬೇಡಿ. ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಇರುತ್ತಿತ್ತು, ಬ್ಯಾಗಿನಿಂದ ತೆಗೆಯುವಾಗ ಬೆರಳು ತಾಗಿದರೂ ಆಫ್ ಆಗುತ್ತಿತ್ತು.