ರೈನ್ ದಡದಿಂದ ತಣಿಸಂದ್ರಕ್ಕೆ

ಟ್ಯೂಬಿಂಗನ್, ಜರ್ಮನಿ
ಜೂನ್ ತಿಂಗಳು, ಸಂಜೆ

ಪ್ರೀತಿಯ ಅಪ್ಪ, ಅಮ್ಮ,

ನಾವಿಬ್ಬರೂ ಇಲ್ಲಿ ಕ್ಷೇಮ. ದಿನವೂ ಫೋನಿನಲ್ಲಿ ಮಾತಾಡುತ್ತೇವೆ ನಿಜ, ಆದರೆ ಫೋಟೊ ತಲುಪಿತಾ, ಊಟ ಆಯಿತಾ ಅನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ಮದುವೆಯಾದಾಗಿನಿಂದ ಕೂಡಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಈ ಪ್ರವಾಸಕ್ಕೆ ಹಾಕಿದ್ದೇವೆ. ಅದರಿಂದ ನಮಗೆ ಸಿಕ್ಕಿದ್ದೇನು ಅನ್ನುವುದನ್ನು ನಿಮಗೆ ನೆಮ್ಮದಿಯಾಗಿ ಕೂತು ಬರೆಯಬೇಕು ಅನ್ನಿಸಿತು.

ಮೊದಲು ಅಮ್ಮನ ಪ್ರಶ್ನೆಗಳಿಗೆ ಉತ್ತರ. ಊಟಕ್ಕೆ ಏನೂ ತೊಂದರೆಯಿಲ್ಲ ಅಮ್ಮ. ನೀನು ಕಟ್ಟಿಕೊಟ್ಟ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇನ್ನೂ ಉಳಿದಿವೆ. ಅಡುಗೆಮನೆ ಇರುವ ಕೋಣೆಗಳನ್ನೇ ಹುಡುಕಿ ಹಿಡಿದಿದ್ದೇವೆ. ಅಕ್ಕಿ, ಮೊಸರು, ಸೌತೆಕಾಯಿ ಎಲ್ಲ ಊರಲ್ಲೂ ಸಿಗುತ್ತವೆ. ಭಾನುವಾರ ಅಂಗಡಿ ತೆಗೆಯುವುದಿಲ್ಲ, ಹಾಗಾಗಿ ಶನಿವಾರವೇ ತಂದಿಟ್ಟುಕೊಳ್ಳುತ್ತೇವೆ. ಸ್ವಿಟ್ಜರ್ಲೆಂಡಿನಲ್ಲಿ ನೀರು ಕೊಳ್ಳಲೇ ಇಲ್ಲ. ಬೀದಿಬೀದಿಯ ಕಾರಂಜಿಗಳಲ್ಲಿ ಕುಡಿಯುವ ನೀರು ಹರಿಯುತ್ತಿರುತ್ತದೆ, ಬಾಟಲಿ ಹಿಡಿದರಾಯಿತು. ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ. ಹಗಲು ಇಷ್ಟು ಉದ್ದ ಇರುವುದರಿಂದ ಅವಸರವಿಲ್ಲದೆ ನಡೆಯುತ್ತೇವೆ, ಅಲ್ಲಲ್ಲಿ ಬೆಂಚಿನ ಮೇಲೆ ಕೂರುತ್ತೇವೆ, ಮಾತಾಡುತ್ತೇವೆ. ಬೆಂಗಳೂರಿನಲ್ಲಿ ನಿಮ್ಮ ಅಳಿಯ ಮಾನ್ಯತಾ ಟೆಕ್ ಪಾರ್ಕಿನಿಂದ ಮನೆ ಸೇರುವ ಹೊತ್ತಿಗೆ ನಮ್ಮಿಬ್ಬರಿಗೂ ಮಾತಾಡುವ ತ್ರಾಣ ಇರುತ್ತಿರಲಿಲ್ಲ. ಈ ಮಾತುಕತೆಯೇ ಈ ರಜೆಯಲ್ಲಿ ನಮಗೆ ಸಿಕ್ಕ ಮೊದಲ ಸಂಪತ್ತು.

ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್‌ಗೆ ಹೋದ ಫೋಟೊಗಳನ್ನು ನೋಡಿದ್ದೀರಿ. 3,454 ಮೀಟರ್ ಎತ್ತರದಲ್ಲಿ ರೈಲು ನಿಲ್ದಾಣ, ಯೂರೋಪಿನಲ್ಲಿ ಇದಕ್ಕಿಂತ ಎತ್ತರದಲ್ಲಿ ಇನ್ನೊಂದಿಲ್ಲ. ಐಗರ್ ಮತ್ತು ಮ್ಯೋಂಖ್ ಬೆಟ್ಟಗಳ ಒಳಗೇ ಸುರಂಗ ಕೊರೆದು ಹಲ್ಲಿನ ಹಳಿ ಹಾಕಿದ್ದಾರೆ. ನಡುದಾರಿಯಲ್ಲಿ ರೈಲು ನಿಲ್ಲಿಸುತ್ತಾರೆ. ಬಂಡೆಯಲ್ಲಿ ಕೊರೆದ ಕಿಟಕಿಯಿಂದ ನೋಡಿದರೆ ಹಿಮದ ಬಿರುಕುಗಳು ನೀಲಿಯಾಗಿ ಕಾಣುತ್ತವೆ. ಮೇಲೆ ಹೋದರೆ ಆಲ್ಪ್ಸ್ ಪರ್ವತದ ಅತಿ ಉದ್ದದ ಹಿಮನದಿ ಆಲೆಚ್, ಕಣ್ಣು ಹಾಯುವಷ್ಟು ದೂರ ಬಿಳಿ. ಅದು ವರ್ಷದಿಂದ ವರ್ಷಕ್ಕೆ ಕರಗಿ ಹಿಂದೆ ಸರಿಯುತ್ತಿದೆ ಎಂದು ತಿಳಿದು ನೋಡುವಾಗ ಸಂತೋಷದ ಜೊತೆ ಸಂಕಟವೂ ಆಗುತ್ತದೆ.

ಫೋಟೊದಲ್ಲಿ ಬಾರದ ಸಂಗತಿ ಒಂದಿದೆ ಅಪ್ಪ. ಈ ರೈಲಿನ ಕನಸು ಕಂಡವರು ಜ್ಯೂರಿಕ್ ಕಡೆಯ ಉದ್ಯಮಿ ಆಡೋಲ್ಫ್ ಗುಯರ್-ಜೆಲ್ಲರ್. 1893ರಲ್ಲಿ ಮಗಳ ಜೊತೆ ಬೆಟ್ಟ ಸುತ್ತುವಾಗ ಈ ಯೋಚನೆ ಬಂತಂತೆ. 1896ರಲ್ಲಿ ಕೆಲಸ ಶುರುವಾಯಿತು, 1899ರಲ್ಲಿ ಅವರು ತೀರಿಕೊಂಡರು. ರೈಲು ತುದಿ ಮುಟ್ಟಿದ್ದು 1912ರಲ್ಲಿ. ಆ ಚಳಿಯಲ್ಲಿ ಡೈನಮೈಟ್ ಇಟ್ಟು ಬಂಡೆ ಒಡೆದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಕೂಲಿಯವರು. ಹಲವರು ಅಲ್ಲೇ ಸತ್ತರು. ನಾವು ಮೆತ್ತನೆಯ ಸೀಟಿನಲ್ಲಿ ಕೂತು ಮೇಲೆ ಹೋದ ದಾರಿ ಅವರದ್ದು. ಈ ರೈಲಿನ ಕತೆ ಓದಿದ ಮೇಲೆ ಯಾವ ಊರಿಗೆ ಹೋದರೂ ಅಲ್ಲಿ ಕಂಡದ್ದನ್ನು ಮಾಡಿದವರು ಯಾರು, ಎಷ್ಟು ವರ್ಷ ಹಿಡಿಯಿತು ಎಂದು ಇಬ್ಬರೂ ಕೇಳಿಕೊಳ್ಳತೊಡಗಿದೆವು.

ಅದೇ ದೇಶದ ಬಾಸೆಲ್‌ಗೆ ಹೋಗಬೇಕು ಎಂದು ಹಟ ಹಿಡಿದವಳು ನಾನು. ಅಮ್ಮ, ನಿನ್ನ ತವರುಮನೆಯ ಮಾಡಿನಿಂದ ಇಳಿಸಿದ ಹೆಂಚುಗಳ ಬೆನ್ನ ಮೇಲೆ ‘ಬಾಸೆಲ್ ಮಿಷನ್’ ಎಂದು ಅಚ್ಚು ಇರುತ್ತಿತ್ತಲ್ಲ, ಆ ಊರು ಇದೇ. 1815ರಲ್ಲಿ ಅಲ್ಲಿ ಹುಟ್ಟಿದ ಆ ಸಂಸ್ಥೆ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಅವರು ಬಂದದ್ದು ಧರ್ಮಪ್ರಚಾರಕ್ಕೆ. ಆದರೆ ಅವರ ಹಿಂದೆಯೇ ಅಚ್ಚುಕೂಟ ಬಂತು, ಶಾಲೆ ಬಂತು, ನೇಯ್ಗೆ ಬಂತು, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರ ಕೈಯಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದಕ್ಕೇ ನಾವು ಜುಲೈ 1ನ್ನು ಪತ್ರಿಕಾ ದಿನ ಎನ್ನುವುದು. ಮಿಷನ್ ಮನೆ ಈಗಲೂ ಮಿಷನ್‌ಸ್ಟ್ರಾಸೆ ಎಂಬ ಬೀದಿಯಲ್ಲಿದೆ. ದೊಡ್ಡ ತೋಟ, ಉದ್ದನೆಯ ಕಟ್ಟಡ. ನಮ್ಮ ಕರಾವಳಿಯ, ಕೊಡಗಿನ, ಧಾರವಾಡದ ಹಳೆಯ ಫೋಟೊಗಳು, ಕಾಗದಪತ್ರಗಳು ಅಲ್ಲಿನ ಸಂಗ್ರಹದಲ್ಲಿ ಜೋಪಾನವಾಗಿವೆ. ಅಲ್ಲಿಂದ ಹೊರಟ ಹುಡುಗರು ಹಡಗಿನಲ್ಲಿ ತಿಂಗಳುಗಟ್ಟಲೆ ಕಳೆದು, ಗೊತ್ತಿಲ್ಲದ ಮಳೆಗೆ, ಗೊತ್ತಿಲ್ಲದ ಜ್ವರಗಳಿಗೆ ಮೈಯೊಡ್ಡಲು ಬಂದರು. ನಾವು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರಾತ್ರಿ ಹತ್ತಿ ಮರುದಿನ ಇಳಿದವರು. ಆ ಗೇಟಿನ ಮುಂದೆ ನಿಂತಾಗ ಗೌರವದಿಂದ ಮನಸ್ಸು ತುಂಬಿ ಬಂತು.

ಬಾಸೆಲ್‌ನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ರೈನ್ ನದಿ. ಊರ ನಡುವೆ ಹಸಿರು ನೀರು ರಭಸವಾಗಿ ಹರಿಯುತ್ತದೆ. ಅದನ್ನು ದಾಟಲು ಮೋಟರ್ ಇಲ್ಲದ ಮರದ ದೋಣಿಗಳಿವೆ. ಮೇಲೆ ದಡದಿಂದ ದಡಕ್ಕೆ ಕಟ್ಟಿದ ತಂತಿಗೆ ಜೋಡಿಸಿದ್ದಾರೆ, ಹರಿವಿನ ಬಲದಿಂದಲೇ ದೋಣಿ ಆಚೆಗೆ ಸಾಗುತ್ತದೆ. ಸದ್ದೇ ಇಲ್ಲ. ಸಂಜೆ ಕಚೇರಿ ಮುಗಿಸಿದ ಜನ ಬಟ್ಟೆ, ಫೋನು, ಚಪ್ಪಲಿಗಳನ್ನು ಮೀನಿನ ಆಕಾರದ ನೀರು ಹೊಗದ ಚೀಲದಲ್ಲಿ ಸುತ್ತಿ ನದಿಗೆ ಇಳಿಯುತ್ತಾರೆ. ಚೀಲವನ್ನೇ ತಬ್ಬಿಕೊಂಡು ಪ್ರವಾಹದ ಜೊತೆ ತೇಲಿ ಸೇತುವೆಗಳ ಕೆಳಗೆ ಹಾದು ಮನೆಯ ಹತ್ತಿರ ದಡ ಹತ್ತುತ್ತಾರೆ. ಅಜ್ಜಿಯರು, ಮಕ್ಕಳು, ನಮ್ಮ ವಯಸ್ಸಿನ ಗಂಡ ಹೆಂಡತಿ, ಎಲ್ಲರೂ. ಈಜು ಬಲ್ಲ ನಿಮ್ಮ ಅಳಿಯ ದಡದ ಅಂಚಿನಲ್ಲಿ ಸ್ವಲ್ಪ ದೂರ ತೇಲಿದರು. ನಾನು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟೆ. ನೀರು ತಣ್ಣಗಿತ್ತು, ಪಾದ ನಿಚ್ಚಳವಾಗಿ ಕಾಣುತ್ತಿತ್ತು.

ಅಪ್ಪ, ನೀವು ಇದನ್ನು ಗಮನವಿಟ್ಟು ಓದಬೇಕು. ಈ ನದಿ ಒಮ್ಮೆ ಸತ್ತಿತ್ತು. 1986ರ ನವೆಂಬರ್ 1ರ ನಡುರಾತ್ರಿ ಬಾಸೆಲ್ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿತ್ತು. ಸಾವಿರ ಟನ್ನಿಗೂ ಮೀರಿ ಕೀಟನಾಶಕ, ರಾಸಾಯನಿಕ ಉರಿಯಿತು. ಬೆಂಕಿ ಆರಿಸಲು ಹೊಡೆದ ನೀರೆಲ್ಲ ವಿಷ ಹೊತ್ತು ರೈನ್‌ಗೆ ಇಳಿದು ನದಿ ಕೆಂಪಾಯಿತು. ಸೈರನ್ ಕೂಗಿ ಊರನ್ನೇ ಎಬ್ಬಿಸಿದರು, ಕಿಟಕಿ ಮುಚ್ಚಿ ಒಳಗೇ ಇರಿ ಅಂದರು. ಹಾವುಮೀನುಗಳು ನೂರಾರು ಕಿಲೋಮೀಟರ್ ಉದ್ದಕ್ಕೂ ರಾಶಿರಾಶಿಯಾಗಿ ಸತ್ತು ತೇಲಿದವು. ಅದಕ್ಕೂ ಮುಂಚೆ ದಶಕಗಳ ಕಾಲ ಕಾರ್ಖಾನೆಗಳ ಕೊಳೆ ಈ ನದಿಗೇ ಬರುತ್ತಿತ್ತು. ಆ ರಾತ್ರಿಯ ನಂತರ ಜನ ಬೀದಿಗಿಳಿದರು. ನದಿಯ ದಂಡೆಯ ದೇಶಗಳು 1987ರಲ್ಲಿ ಒಟ್ಟಾಗಿ ಕಾರ್ಯಕ್ರಮ ಹಾಕಿಕೊಂಡವು: ಕೊಳಚೆ ಸಂಸ್ಕರಿಸದೆ ಬಿಡಬಾರದು, ಕಾರ್ಖಾನೆಗಳು ಬೆಂಕಿ ಆರಿಸಿದ ನೀರನ್ನು ಹಿಡಿದಿಡಲು ತೊಟ್ಟಿ ಕಟ್ಟಬೇಕು, ಅಳಿದುಹೋದ ಸಾಲ್ಮನ್ ಮೀನು ಮರಳಬೇಕು. ಅಣೆಕಟ್ಟುಗಳಲ್ಲಿ ಮೀನು ಹತ್ತುವ ದಾರಿ ಮಾಡುವ ಕೆಲಸ ಇವತ್ತಿಗೂ ಮುಗಿದಿಲ್ಲ. ಆದರೆ ಜನ ನೀರಿಗಿಳಿಯುತ್ತಿದ್ದಾರೆ.

ಮೆಟ್ಟಿಲ ಮೇಲೆ ಕೂತಿದ್ದಾಗ ನನಗೆ ನೆನಪಾದದ್ದು ನಮ್ಮ ತಣಿಸಂದ್ರದ ಹತ್ತಿರದ ರಾಚೇನಹಳ್ಳಿ ಕೆರೆ. ನೀವು ಬೆಳಿಗ್ಗೆ ಸುತ್ತು ಹಾಕುವ ಆ ದಾರಿ, ನೀರುಕೋಳಿಗಳು, ಹೆಜ್ಜಾರ್ಲೆಗಳು. ಆ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನೀವೇ ಕರೆದುಕೊಂಡು ಹೋಗಿ ತೋರಿಸಿದ್ದಿರಿ. ಜಕ್ಕೂರಿನಲ್ಲಿ ಜಲಮಂಡಳಿಯ ಘಟಕ ಕೊಳಚೆ ನೀರನ್ನು ಸಂಸ್ಕರಿಸುತ್ತದೆ. ಅದು ಜೊಂಡು ಬೆಳೆದ ಜೌಗಿನಲ್ಲಿ ಹಾದು ಇನ್ನಷ್ಟು ತಿಳಿಯಾಗಿ ಜಕ್ಕೂರು ಕೆರೆ ಸೇರುತ್ತದೆ. ಅಲ್ಲಿ ಕೋಡಿ ಹರಿದರೆ ರಾಚೇನಹಳ್ಳಿಗೆ ಬರುತ್ತದೆ. ಬೆಳ್ಳಂದೂರು ಕೆರೆ ನೊರೆ ಕಾರಿ ಹೊತ್ತಿ ಉರಿದದ್ದನ್ನು ಕಂಡ ಊರಿನಲ್ಲೇ ಇಂಥದ್ದೊಂದು ಕೆಲಸ ಸದ್ದಿಲ್ಲದೆ ನಡೆದಿದೆ. ಯೂರೋಪು ಚೊಕ್ಕಟ, ಅವರಿಗೆ ದುಡ್ಡಿದೆ, ಶಿಸ್ತು ಅವರ ರಕ್ತದಲ್ಲಿದೆ ಎಂದು ಜನ ಹೇಳುತ್ತಾರೆ. ಇಲ್ಲಿ ಬಂದು ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಇವರೂ ಕೆಡಿಸಿದರು, ನಾಚಿದರು, ಕೂತು ಸರಿಮಾಡಿದರು; ಬೇಸರಪಡದೆ ಇನ್ನೂ ಮಾಡುತ್ತಿದ್ದಾರೆ. ಜಕ್ಕೂರಿನ ಜೊಂಡಿನ ಗದ್ದೆಯನ್ನು ನೋಡಿಕೊಳ್ಳುವ ನಮ್ಮ ಜನವೂ ಅದೇ ಜಾತಿಯವರು.

ಬಾಸೆಲ್‌ನಿಂದ ರೈಲು ಬದಲಿಸುತ್ತ ಟ್ಯೂಬಿಂಗನ್‌ಗೆ ಬಂದೆವು. ನೆಕ್ಕರ್ ನದಿಯ ಮೇಲಿನ ಪುಟ್ಟ ಊರು, 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ. ವಿದ್ಯಾರ್ಥಿಗಳು ಉದ್ದನೆಯ ದೋಣಿಯಲ್ಲಿ ನಿಂತು ಗಳ ಹಾಕಿ ನೂಕುತ್ತಾರೆ. ಗುಡ್ಡದ ಮೇಲಿನ ಕೋಟೆಗೆ ಹೋಗೋಣ ಎಂದವರು ನಿಮ್ಮ ಅಳಿಯ. ಆ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಶಾಲೆ ಮಾಡಿಕೊಂಡಿದ್ದರು. ಬಾಸೆಲ್‌ನ ಹುಡುಗ ಫ್ರೀಡ್ರಿಕ್ ಮೀಶರ್ 1869ರಲ್ಲಿ ಅಲ್ಲಿ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಇವತ್ತು ಅದಕ್ಕೆ ಡಿಎನ್‌ಎ ಎನ್ನುತ್ತೇವೆ. ವಂಶದ ಗುಣಗಳನ್ನು ಹೊತ್ತು ಸಾಗಿಸುವುದು ಅದೇ ಎಂದು ಜಗತ್ತು ತಿಳಿದದ್ದು ಮೀಶರ್ ಸತ್ತು ಎಷ್ಟೋ ದಶಕಗಳಾದ ಮೇಲೆ. ಆ ಕಲ್ಲಿನ ಕೋಣೆಯಲ್ಲಿ ಇವರು ತುಂಬ ಹೊತ್ತು ನಿಂತಿದ್ದರು.

ನಾನು ಈ ಊರಿಗೆ ಬಂದದ್ದು ಕಿಟೆಲ್‌ಗಾಗಿ. ಎಂ.ಜಿ. ರಸ್ತೆಯಲ್ಲಿ ಮೇಯೋ ಹಾಲ್ ಹತ್ತಿರ ಪ್ರತಿಮೆ ಇದೆಯಲ್ಲ, ಅದೇ ಫರ್ಡಿನಾಂಡ್ ಕಿಟೆಲ್. ಉತ್ತರ ಜರ್ಮನಿಯ ಕರಾವಳಿಯಲ್ಲಿ 1832ರಲ್ಲಿ ಹುಟ್ಟಿ, ಬಾಸೆಲ್‌ನಲ್ಲಿ ಓದಿ, 1853ರಲ್ಲಿ ನಮ್ಮ ನಾಡಿಗೆ ಬಂದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1860ರಲ್ಲಿ ಪಾಲಿನೆಯನ್ನು ಮದುವೆಯಾದರು. ನಾಲ್ಕು ವರ್ಷಕ್ಕೆ ಆಕೆ ತೀರಿಕೊಂಡರು. ಹೊಸದಾಗಿ ಸಂಸಾರ ಹೂಡಿರುವ ನಮಗೆ ಆ ಒಂದು ಸಂಗತಿ ಎದೆಗೆ ನಾಟಿತು. ಕಿಟೆಲ್ 1877ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ನಿಘಂಟಿನ ಕೆಲಸ ಉಳಿದಿತ್ತು. ಐವತ್ತು ದಾಟಿದ ಮೇಲೆ, 1883ರಲ್ಲಿ, ಅದಕ್ಕಾಗಿ ಮತ್ತೆ ಭಾರತಕ್ಕೆ ಹೊರಟರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಅಚ್ಚುಕೂಟದಿಂದ ಬಂತು. ಎರಡು ವರ್ಷದ ನಂತರ ಈ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು; ಅದೇ ಡಿಸೆಂಬರಿನಲ್ಲಿ ಇದೇ ಟ್ಯೂಬಿಂಗನ್‌ನಲ್ಲಿ ಕಣ್ಣು ಮುಚ್ಚಿದರು. ಈ ಬೀದಿಗಳಲ್ಲಿ ಒಬ್ಬ ಮುದುಕ ಕನ್ನಡದ ವಿಭಕ್ತಿಗಳನ್ನು ಯೋಚಿಸುತ್ತ ನಡೆದಾಡಿದ್ದರು ಎಂದು ನೆನೆದು ನಾವಿಬ್ಬರೂ ಅಲ್ಲೇ ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡಿಕೊಂಡು ಸುತ್ತಿದೆವು.

ಈ ರಜೆ ನಮಗೆ ಕಲಿಸಿದ್ದು ಇಷ್ಟು. ಬದುಕಿನಲ್ಲಿ ಒಂದಾದರೂ ಉದ್ದನೆಯ ಕೆಲಸ ಹಿಡಿಯಬೇಕು, ಅದರ ಫಲ ನಮ್ಮ ಕಣ್ಣಿಗೆ ಬಿದ್ದರೂ ಸರಿ, ಬೀಳದಿದ್ದರೂ ಸರಿ. ನಿನ್ನೆ ರಾತ್ರಿ ಪ್ಲೇನ್ ಮರಗಳ ಸಾಲಿನ ಕೆಳಗೆ ನಡೆಯುತ್ತ ಇದನ್ನೇ ಮಾತಾಡಿದೆವು. ಮನೆ ಸಾಲ, ಕಾರು, ಬಡ್ತಿ ಎಂದು ಐದೈದು ವರ್ಷದ ಲೆಕ್ಕ ಹಾಕಿಕೊಂಡೇ ಇದ್ದೆವು. ಅದೂ ಬೇಕು. ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕವೂ ಇರಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು.

ಹಾಗಾಗಿ ಎರಡು ತೀರ್ಮಾನ ಮಾಡಿದ್ದೇವೆ. ಬಂದ ಮೇಲೆ ಭಾನುವಾರದ ಬೆಳಗುಗಳನ್ನು ಕೆರೆಗೆ ಕೊಡುತ್ತೇವೆ. ಅಪ್ಪ, ನಿಮ್ಮ ವಾಕಿಂಗ್ ಗೆಳೆಯರಲ್ಲಿ ಕೆರೆಯ ಕೆಲಸಕ್ಕೆ ಕೈಜೋಡಿಸಿರುವವರಿಗೆ ನಮ್ಮಿಬ್ಬರ ಹೆಸರು ಈಗಲೇ ಹೇಳಿಡಿ. ಕಸ ಹೆಕ್ಕುವುದು, ಗಿಡ ನೆಡುವುದು, ಕಚೇರಿಗಳಿಗೆ ಅರ್ಜಿ ಬರೆಯುವುದು, ಯಾವ ಕೆಲಸಕ್ಕಾದರೂ ಸರಿ. ಎರಡನೆಯದು ಅಮ್ಮನಿಗೆ. ಮಳೆ ಮುಗಿದ ಮೇಲೆ ನಾಲ್ವರೂ ನಿನ್ನ ತವರಿಗೆ ಹೋಗಿ, ಅಲ್ಲಿಂದ ಮಂಗಳೂರಿನ ಬಲ್ಮಠದಲ್ಲಿ ಇಳಿದು, ಮಿಷನ್‌ನವರ ಕಾಲದ ಕನ್ನಡ ಪುಸ್ತಕಗಳನ್ನು ನೋಡಿಕೊಂಡು ಬರೋಣ. ನೀನು ಹೆಂಚಿನ ಮನೆಯ ಕತೆಗಳನ್ನು ಹೇಳಬೇಕು, ಇವರು ಬರೆದುಕೊಳ್ಳುತ್ತಾರಂತೆ.

ನಾಳೆ ಮ್ಯೂನಿಕ್ ಕಡೆಗೆ ಹೊರಡುತ್ತೇವೆ, ತಲುಪಿದ ಕೂಡಲೇ ಫೋನ್ ಮಾಡುತ್ತೇನೆ. ಅಪ್ಪ, ಬಿ.ಪಿ. ಮಾತ್ರೆ ಮರೆಯಬೇಡಿ. ಅಮ್ಮ, ಮಾವಿನಹಣ್ಣಿನ ಕಾಲ ಮುಗಿಯುವುದರೊಳಗೆ ಬರುತ್ತೇವೆ, ರಸಪುರಿ ಸಿಕ್ಕರೆ ಎತ್ತಿಡು.

ಇಬ್ಬರ ನಮಸ್ಕಾರಗಳೊಂದಿಗೆ,
ನಿಮ್ಮ ಮಗಳು