ಉಸಿರಿನ ಲೆಕ್ಕ

ನಮ್ಮ ತಂಗಿಯ ಮಗಳ ನಿಕಾಹ್ ಶಹಾಪುರದಲ್ಲಿ ನಡೆಯಿತು. ವಲೀಮಾದ ರಾತ್ರಿ ಒಂದಿಷ್ಟು ಹಾಡು, ಕವ್ವಾಲಿ ಇರಲೆಂದು ಮನೆಯವರು ಹಟ ಹಿಡಿದರು. ಹಾಡುವವರು ಮನೆಯಲ್ಲೇ ಇದ್ದರು. ಸುರಪುರದಿಂದ ಶಹನಾಯಿ, ಹಾರ್ಮೋನಿಯಂ, ತಬಲಾ ಎಂದು ಐದು ಜನರ ಮೇಳ ಕರೆಸುವುದೋ, ಯಾದಗಿರಿಯ ಕೀಬೋರ್ಡ್ ಹುಡುಗನೊಬ್ಬನೇ ಸಾಕೋ ಎಂಬ ಮಾತು ಬಂದಾಗ, ಲೆಕ್ಕ ಹಾಕಿ ಹುಡುಗನಿಗೆ ಹೂಂ ಎಂದವರು ನಾವೇ.

ಹುಡುಗ 61 ಕೀಗಳ ಕೀಬೋರ್ಡಿಗೆ ಲ್ಯಾಪ್‌ಟಾಪ್ ಜೋಡಿಸುತ್ತಿದ್ದ. ನಮ್ಮ ಕುತೂಹಲ ಕಂಡು, "ಚಾಚಾ, ಇದನ್ನ ಒತ್ತಿದ್ರ ಸಪ್ಪಳ ಹೋಗಂಗಿಲ್ಲ, ನಂಬರ್ ಹೋಗ್ತದ" ಎಂದ. 1983ರಲ್ಲಿ ಬಂದ ಮಿಡಿ ಎಂಬ ಏರ್ಪಾಟಿನಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆ. ಒತ್ತಿದ ಜೋರಿಗೂ ಒಂದು ಸಂಖ್ಯೆ. ಯಾವ ಸಂಖ್ಯೆಗೆ ಯಾವ ವಾದ್ಯ ಉತ್ತರಿಸಬೇಕೆಂಬುದನ್ನು ಸಾಫ್ಟ್‌ವೇರಿಗೆ ಹೇಳಿಡಬೇಕು. ನಡುವಿನ 60ರಲ್ಲಿ ಗಡಿ ಹಾಕಿದರೆ ಎಡಗೈಗೆ ಪಿಟೀಲುಗಳ ಗುಂಪು, ಬಲಗೈಗೆ ಶಹನಾಯಿ. ಇದು ಸ್ಪ್ಲಿಟ್. ಒಂದೇ ಕೀಗೆ ಹಾರ್ಮೋನಿಯಂ, ಕೊಳಲು ಎರಡನ್ನೂ ಕಟ್ಟಿದರೆ ಲೇಯರ್. ಎರಡೂ ಸಮ ಜೋರಾದರೆ ನಾದ ರಾಡಿಯಾಗುತ್ತದೆ, ಒಂದನ್ನು ತಗ್ಗಿಸಲೇಬೇಕು. ಹಾಡಿಗೊಂದರಂತೆ ಈ ಜೋಡಣೆಗಳನ್ನು ಮೊದಲೇ ಉಳಿಸಿಟ್ಟರೆ ವೇದಿಕೆಯಲ್ಲಿ ಒಂದು ಗುಂಡಿ ಒತ್ತಿದರಾಯಿತು. 2007ರಲ್ಲಿ ಆಪಲ್ ಕಂಪನಿ ತಂದ ಮೇನ್‌ಸ್ಟೇಜ್ ಇಂಥ ಕೆಲಸಕ್ಕೆಂದೇ ಹುಟ್ಟಿದ್ದು.

ನಮಗಿದು ತೀರ ಹೊಸತೆನಿಸಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯಲ್ಲೂ ಖರ್ಜ, ನರ ಎಂದು ರೀಡುಗಳ ಎರಡು ಸಾಲಿರುತ್ತವೆ. ಒಂದು ಮನೆ ಒತ್ತಿದರೆ ಎರಡು ದನಿ. ಆ ಪೆಟ್ಟಿಗೆಯನ್ನೂ ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಆದ್ದರಿಂದ ಹೊಸ ವಾದ್ಯವನ್ನು ಹಳಿಯುವ ಮನಸ್ಸು ನಮಗಿಲ್ಲ.

ಆದರೆ ಅತಿಥಿಗಳ ನಡುವೆ ಸುರಪುರದ ಶಹನಾಯಿ ಕಾಕಾ ಕೂತಿದ್ದರು. ನಮ್ಮ ಮದುವೆಗೆ ಊದಿದವರು, ಊಟಕ್ಕೆ ಕರೆಯದಿರಲಾದೀತೆ? ಕೀಬೋರ್ಡಿನಿಂದ ಹೊರಟ ಶಹನಾಯಿಯನ್ನು ಅವರು ತಲೆ ತಗ್ಗಿಸಿ ಕೇಳಿದರು. ಕೊನೆಗೆ ನಾವು ಅಳುಕುತ್ತಲೇ ಹೇಗಿತ್ತೆಂದು ಕೇಳಿದೆವು.

"ಸುರ್ ಬರೋಬರಿ ಅದ ಸಾಹೇಬ್ರ. ಆದ್ರ ಅದು ಎಲ್ಲೂ ಉಸುರೇ ತಗೊಳ್ಳಿಲ್ಲಲ್ಲ?"

ಹುಡುಗ ತಪ್ಪು ತಿಳಿಯಲಿಲ್ಲ. "ಕಾಕಾ, ಒಂದಿನ ನೀವೇ ಊದಿಕೊಡ್ರಿ. ಒಂದೊಂದು ಸ್ವರ ರೆಕಾರ್ಡ್ ಮಾಡ್ಕೋತೀನಿ, ನಿಮ್ಮ ಉಸುರೂ ಬಿಡಂಗಿಲ್ಲ" ಎಂದ. ಇದು ಆಗದ ಮಾತಲ್ಲ. ಕಂಪ್ಯೂಟರಿನ ಇಂಥ ಎಷ್ಟೋ ದನಿಗಳು ಹಿಂದೊಮ್ಮೆ ಯಾರೋ ನಿಜವಾಗಿ ನುಡಿಸಿದವೇ.

ಕಾಕಾ ನಕ್ಕರು. "ಆಮ್ಯಾಲ ಎಲ್ಲಾ ಮದುವ್ಯಾಗೂ ನಾನೇ ಊದಿದಂಗಾತು. ರೊಕ್ಕ ಯಾರಿಗಿ?"

ಹುಡುಗ ನಮ್ಮ ಮುಖ ನೋಡಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಯಾರ ದನಿ ತಗ್ಗಿಸಬೇಕೆಂದು ಸಾಫ್ಟ್‌ವೇರಿಗೆ ಹೇಳಿದವನು ಹುಡುಗ. ಅದಕ್ಕೂ ಮೊದಲು, ಒಂದು ಫೋನ್ ಮಾತಿನಲ್ಲಿ ಕಾಕಾರ ದನಿಯನ್ನೇ ಪೂರ್ತಿ ಆರಿಸಿದವರು ನಾವು.

ತಂಗಿಗೆ ಇನ್ನೊಬ್ಬ ಮಗಳಿದ್ದಾಳೆ. ಇನ್ಶಾ ಅಲ್ಲಾಹ್, ಆ ದಿನ ಹುಡುಗನನ್ನೂ ಕರೆಯುತ್ತೇವೆ, ಕಾಕಾರನ್ನೂ ಕರೆಯುತ್ತೇವೆ. ಬಲಗೈಯ ಶಹನಾಯಿಯನ್ನು ತೆಗೆದಿಡಪ್ಪಾ ಎಂದು ಹುಡುಗನಿಗೆ ಮೊದಲೇ ಹೇಳುತ್ತೇವೆ.